ಹಗ್ಗದ ಒಂದು ಎಳೆ

ನಮ್ಮ ಮನೆಗೆ ಬಂದವರು ಷೋಕೇಸಿನ ಎದುರು ನಿಂತು ಕೇಳುವ ಮೊದಲ ಪ್ರಶ್ನೆ, "ಇದು ಮೊಮ್ಮಗನದೇ?" ಎಂದು. ಅಲ್ಲ, ನಮ್ಮದು ಎಂದರೆ ಅವರ ಮುಖದಲ್ಲಿ ಒಂದು ಸಣ್ಣ ನಗೆ ಸುಳಿದುಹೋಗುತ್ತದೆ. ಅರವತ್ತು ದಾಟಿದ ಗಂಡ ಹೆಂಡತಿ ಊಟದ ಮೇಜಿನ ಮುಂದೆ ಎಂಟು ತಿಂಗಳು ಕುಳಿತು, ಒಂದು ಗೇಣಿಗಿಂತ ತುಸು ಉದ್ದದ ಯುದ್ಧದ ಟ್ಯಾಂಕು ಮಾಡಿದರೆಂದರೆ ನಗು ಬರಬೇಕಾದ್ದೇ. ನಗುವವರ ಮೇಲೆ ನಮಗೆ ಕೋಪವಿಲ್ಲ. ಮೊದಲು ನಕ್ಕವರು ನಾವೇ.

ಆದದ್ದು ಹೀಗೆ. ಪುಣೆಯ ನಮ್ಮ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಯಿತು. ಮೂವತ್ತು ವರ್ಷ ಅಟ್ಟದ ಮೇಲೆ ಸೇರಿಸಿದ್ದನ್ನೆಲ್ಲ ಕೆಳಗಿಳಿಸಬೇಕಾಯಿತು. ಹಿತ್ತಾಳೆಯ ಹಂಡೆ, ಮುರಿದ ತೊಟ್ಟಿಲು, ಹಳೆಯ ದೀಪಾವಳಿ ಸಂಚಿಕೆಗಳ ಕಟ್ಟು, ಇವುಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಮಗ ಶಾಲೆಯಲ್ಲಿದ್ದಾಗ ಹಟಮಾಡಿ ತರಿಸಿಕೊಂಡು, ಬಿಚ್ಚಿ ನೋಡಿ, ಕಷ್ಟವೆಂದು ಕಟ್ಟಿಟ್ಟ ಪ್ಲಾಸ್ಟಿಕ್ ಮಾದರಿಯ ಕಿಟ್ಟು ಅದು. ಪೆಟ್ಟಿಗೆಯ ಮೇಲೆ ಸೆಂಚುರಿಯನ್ ಟ್ಯಾಂಕಿನ ಚಿತ್ರ. ಮಗ ಈಗ ದೂರದ ದೇಶದಲ್ಲಿದ್ದಾನೆ. ಫೋನಿನಲ್ಲಿ ಕೇಳಿದರೆ, "ಯಾರಿಗಾದರೂ ಕೊಟ್ಟುಬಿಡಿ" ಎಂದ.

ಕೊಡಲಿಲ್ಲ. ಆ ಹೊತ್ತಿಗೆ ಅಪ್ಪ ಕೋಲೂರಿಕೊಂಡು ಬಂದು, ಪೆಟ್ಟಿಗೆಯ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು, "ಸೆಂಚುರಿಯನ್" ಎಂದರು. ಓದಿ ಹೇಳಿದ್ದಲ್ಲ, ಅಷ್ಟು ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ. ಗುರುತು ಹಿಡಿದು ಹೇಳಿದ್ದು.

ಅಪ್ಪನಿಗೆ ಈಗ 86 ವರ್ಷ. ಧಾರವಾಡದ ಕಡೆಯ ಹಳ್ಳಿ ಬಿಟ್ಟು 1960ರಲ್ಲಿ ಸೈನ್ಯ ಸೇರಿದವರು. ಬಂದೂಕು ಹಿಡಿದ ಸಿಪಾಯಿಯಲ್ಲ, ಇ.ಎಂ.ಇ. ಎಂದು ಕರೆಯುವ ದಳದ ಮೆಕ್ಯಾನಿಕ್. 1943ರಲ್ಲಿ ಹುಟ್ಟಿದ ಈ ದಳದ ಕೆಲಸ ಕೆಟ್ಟದ್ದನ್ನು ರಿಪೇರಿ ಮಾಡುವುದು, ಹೂತದ್ದನ್ನು ಎಳೆಯುವುದು. ಪ್ರತಿ ಟ್ಯಾಂಕ್ ರೆಜಿಮೆಂಟಿನ ಜೊತೆಗೂ ಇವರದೊಂದು ಸಣ್ಣ ತುಕಡಿ ಇರುತ್ತದೆ. ಅಪ್ಪ ಅಂಥ ತುಕಡಿಯಲ್ಲಿದ್ದರು. 1971ರ ಡಿಸೆಂಬರಿನಲ್ಲಿ ಪಶ್ಚಿಮ ಗಡಿಗೆ ಹೋಗಿದ್ದರು ಎಂಬುದು ಮನೆಯವರಿಗೆಲ್ಲ ಗೊತ್ತು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಕೇಳಿದಾಗಲೆಲ್ಲ, "ಥಂಡಿ ಭಾಳ ಇತ್ತು" ಎಂದು ಹೇಳಿ ಪೇಪರು ಬಿಡಿಸಿಕೊಳ್ಳುತ್ತಿದ್ದರು. ಈಚೆಗೆ ಎರಡು ವರ್ಷದಿಂದ ಅವರ ನೆನಪು ಸೋರತೊಡಗಿದೆ. ಊಟವಾಯಿತೇ ಎಂದು ಊಟದ ತಟ್ಟೆಯ ಮುಂದೆಯೇ ಕೇಳುತ್ತಾರೆ. ಸಂಜೆಯ ಹೊತ್ತು ಕಳೆಯುವುದು ಅವರಿಗೂ ಕಷ್ಟ, ನಮಗೂ ಕಷ್ಟ. ಈ ಪೆಟ್ಟಿಗೆಯನ್ನು ನೋಡಿ ಅವರು ನೆಟ್ಟಗೆ ಕೂತದ್ದನ್ನು ಕಂಡು, ಇದನ್ನೊಂದು ಮಾಡಿಯೇ ನೋಡೋಣ ಎಂದು ನಾವು ನಿಶ್ಚಯಿಸಿದೆವು.

ಕಿಟ್ಟಿನ ಅಳತೆ ಮೂವತ್ತೈದನೆಯ ಒಂದು ಪಾಲು. ಅಂದರೆ ನಿಜದ ಟ್ಯಾಂಕಿನ 35 ಮಿಲಿಮೀಟರು ಇಲ್ಲಿ ಒಂದು ಮಿಲಿಮೀಟರು. ಈ ವಿಚಿತ್ರ ಲೆಕ್ಕ ಎಲ್ಲಿಂದ ಬಂತೆಂದು ಹುಡುಕಿದರೆ ಕಾರಣ ತಮಾಷೆಯದು. 1960ರ ದಶಕದ ಆರಂಭದಲ್ಲಿ ಜಪಾನಿನ ಟಾಮಿಯಾ ಕಂಪನಿ ಒಂದು ಜರ್ಮನ್ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿತು. ಹೊಟ್ಟೆಯೊಳಗೆ ಎರಡು ಬ್ಯಾಟರಿ ಹಿಡಿಯುವಷ್ಟು ದೊಡ್ಡದಿರಬೇಕೆಂಬುದಷ್ಟೇ ಅವರ ಲೆಕ್ಕ. ಆಮೇಲೆ ಅಳೆದು ನೋಡಿದರೆ ಅದು ಸುಮಾರು ಮೂವತ್ತೈದನೆಯ ಒಂದು ಪಾಲಾಗಿತ್ತು. ಅದೇ ಜಗತ್ತಿಗೆಲ್ಲ ಅಳತೆಯಾಯಿತು. ಈ ಲೆಕ್ಕದಲ್ಲಿ ಐದೂಮುಕ್ಕಾಲು ಅಡಿಯ ಆಳು ಐದು ಸೆಂಟಿಮೀಟರು. ಐವತ್ತು ಟನ್ನು ಮೀರಿದ ಸೆಂಚುರಿಯನ್ ಟ್ಯಾಂಕು ಅಂಗೈಯ ಮೇಲೆ ಕೂರುತ್ತದೆ.

ಮೂರು ವಾರದಲ್ಲಿ ಪೆಟ್ಟಿಗೆಯೊಳಗಿನ ಕಾಗದ ಹೇಳಿದಂತೆ ಎಲ್ಲ ಅಂಟಿಸಿ ಮುಗಿಸಿದೆವು. ಪಕ್ಕಕ್ಕೆ ಆರಾರು ಚಕ್ರ, ಮೇಲೆ ಗೋಪುರ, ಮುಂದೆ ಫಿರಂಗಿಯ ನಳಿಗೆ. ಹೆಮ್ಮೆಯಿಂದ ಅಪ್ಪನ ಕೈಗೆ ಕೊಟ್ಟೆವು. ಅವರು ಕಣ್ಣಿನಿಂದ ನೋಡಲಿಲ್ಲ, ಬೆರಳಿನಿಂದ ನೋಡಿದರು. ಗೋಪುರದ ಬದಿಯ ಹಿಡಿಕೆಯ ಮೇಲೆ ಉಗುರು ನಿಂತಿತು.

"ಇದರಾಗ ಕೈ ಹೋಗಂಗಿಲ್ಲಲ್ಲ?"

ನೋಡಿದರೆ ನಿಜ. ಹಿಡಿಕೆಯೆಂದು ಇದ್ದದ್ದು ಮೈಗಂಟಿದ ಒಂದು ಉಬ್ಬು. ಕಿಟ್ಟು ಮಾಡಿದವರ ತಪ್ಪಲ್ಲ ಅದು. ಬಿಸಿ ಪ್ಲಾಸ್ಟಿಕ್ಕನ್ನು ಉಕ್ಕಿನ ಎರಡು ಅಚ್ಚುಗಳ ನಡುವೆ ತುಂಬಿ, ಆರಿದ ಮೇಲೆ ಅಚ್ಚು ಬಿಡಿಸುತ್ತಾರೆ. ಹಿಡಿಕೆಯ ಅಡಿಯಲ್ಲಿ ಟೊಳ್ಳು ಬಿಟ್ಟರೆ ಅಚ್ಚು ಸಿಕ್ಕಿಕೊಳ್ಳುತ್ತದೆ. ಹಾಗೆಯೇ ಬಹಳ ತೆಳುವಾದದ್ದನ್ನು ಅಚ್ಚು ಮಾಡಲಾರದು, ಒಂದು ಮಿಲಿಮೀಟರಿನ ತಗಡೆಂದರೆ ನಿಜದಲ್ಲಿ ಮೂರೂವರೆ ಸೆಂಟಿಮೀಟರಿನ ಹಲಗೆ. ಆದರೆ ಅಪ್ಪ ಕೇಳಿದ್ದು ಅಚ್ಚಿನ ಮಾತಲ್ಲ. ಆ ಹಿಡಿಕೆಯನ್ನು ಹಿಡಿದು ಮೇಲೆ ಹತ್ತಿದವರು ಅವರು. ಕೈ ಹೋಗದ ಹಿಡಿಕೆಯ ಟ್ಯಾಂಕನ್ನು ಹತ್ತುವುದು ಹೇಗೆ?

ಅಂದಿನಿಂದ ನಮ್ಮ ನಿಜವಾದ ಕೆಲಸ ಶುರುವಾಯಿತು. ಚೂರಿಯಿಂದ ಆ ಉಬ್ಬನ್ನು ಕೆತ್ತಿ ತೆಗೆದೆವು. ಸೂಜಿಯಂಥ ಡ್ರಿಲ್ಲಿನಿಂದ ಎರಡು ತೂತು ಕೊರೆದು, ಹಳೆಯ ವಿದ್ಯುತ್ ವೈರಿನ ತಾಮ್ರದ ತಂತಿಯನ್ನು ಬಗ್ಗಿಸಿ ಕೂರಿಸಿದೆವು. ಹನ್ನೆರಡು ಮಿಲಿಮೀಟರು ದಪ್ಪದ ಸರಳಿಗೆ ಇಲ್ಲಿ ಮಿಲಿಮೀಟರಿನ ಮೂರನೆಯ ಒಂದು ಪಾಲು ಸಾಕು. ಮೊದಲ ಹಿಡಿಕೆಗೆ ಎರಡು ಸಂಜೆ ಹಿಡಿಯಿತು. ಒಂದು ಹಾರಿ ಮೇಜಿನ ಕೆಳಗೆ ಬಿದ್ದದ್ದು ಇವತ್ತಿಗೂ ಸಿಕ್ಕಿಲ್ಲ. ಕೂರಿಸಿದ್ದರ ಕೆಳಗೆ ಅಪ್ಪ ಉಗುರಿನ ತುದಿ ತೂರಿಸಿ ನೋಡಿ, "ಈಗ ಹತ್ತಬಹುದು" ಎಂದರು.

ಆಮೇಲೆ ಮನೆಯಲ್ಲಿ ಯಾವ ವಸ್ತುವಿಗೂ ನೆಮ್ಮದಿಯಿಲ್ಲದಂತಾಯಿತು. ಮುಲಾಮಿನ ಟ್ಯೂಬು ಮುಗಿಯುವ ಮೊದಲೇ ಹರಿದು ಅದರ ಅಲ್ಯುಮಿನಿಯಂ ತಗಡಿನಿಂದ ಗುದ್ದಲಿ ಹಾರೆಗಳನ್ನು ಬಿಗಿಯುವ ಪಟ್ಟಿ ಮಾಡಿದೆವು. ಇಂಜೆಕ್ಷನ್ ಸೂಜಿಯ ತುದಿಯನ್ನು ಚಪ್ಪಟೆ ತಿಕ್ಕಿ, ತೆಳು ಪ್ಲಾಸ್ಟಿಕ್ಕಿನ ಮೇಲೆ ಒತ್ತಿದರೆ ಸಾಸಿವೆಗಿಂತ ಸಣ್ಣ ಬಿಲ್ಲೆ ಬರುತ್ತದೆ. ಅದೇ ಬೋಲ್ಟಿನ ತಲೆ. ಕಿಟ್ಟಿನ ಭಾಗಗಳನ್ನು ಹಿಡಿದಿದ್ದ ಪ್ಲಾಸ್ಟಿಕ್ ಚೌಕಟ್ಟನ್ನು ಎಸೆಯಬಾರದು. ಅದರ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಹಿಡಿದು, ಮೆತ್ತಗಾದಾಗ ಎರಡೂ ಕಡೆ ಎಳೆದರೆ ಸಕ್ಕರೆ ಪಾಕದಂತೆ ಎಳೆ ಬರುತ್ತದೆ. ಆ ಎಳೆಯನ್ನು ಎರಡು ತಗಡು ಕೂಡುವಲ್ಲಿ ಮಲಗಿಸಿ, ದ್ರವದ ಅಂಟಿನಿಂದ ಮೆತ್ತಗೆ ಮಾಡಿ, ಚೂರಿಯ ತುದಿಯಿಂದ ಒತ್ತೊತ್ತಾಗಿ ಗೀರು ಹಾಕಿದರೆ ಬೆಸುಗೆಯ ಗುರುತು. ಸೆಂಚುರಿಯನ್ನಿನ ಗೋಪುರ ಎರಕ ಹೊಯ್ದದ್ದು, ಅದರ ಮೈ ನಯವಲ್ಲ. ಅದಕ್ಕೆ ಪುಟ್ಟಿಯನ್ನು ತೆಳುಮಾಡಿ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕುಕ್ಕಿದೆವು. ಫಿರಂಗಿಯ ಬುಡದ ಕ್ಯಾನ್‌ವಾಸ್ ಮುಸುಕಿಗೆ ಟಿಷ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ನಿರಿಗೆ ಹಿಡಿದು ಹೊದಿಸಿದೆವು.

ಈ ನಿರಿಗೆ ಹಿಡಿಯುವುದು, ಪಟ್ಟಿ ಪೋಣಿಸುವುದು ನಮ್ಮಲ್ಲೊಬ್ಬರಿಗೆ ಚಿಕ್ಕಂದಿನ ವಿದ್ಯೆ. ಧಾರವಾಡದ ಕಸೂತಿ ಕಲಿತ ಕೈ. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಒಳಮೈ ಹೊರಮೈ ಒಂದೇ ತರ ಕಾಣುವಂತೆ ಹೊಲಿಯುವವರಿಗೆ ಅರ್ಧ ಮಿಲಿಮೀಟರು ಸಣ್ಣದಲ್ಲ. ಇನ್ನೊಬ್ಬರ ಕೈ ತುಸು ನಡುಗುತ್ತದೆ, ಆದರೆ ಕಣ್ಣು ಚುರುಕು. ಹೀಗೆ ಒಬ್ಬರ ಕೈ, ಒಬ್ಬರ ಕಣ್ಣು ಸೇರಿ ಒಂದು ಆಳಾಗಿ ದುಡಿದೆವು. ಜಗಳವೂ ಆಯಿತು, ಅದನ್ನು ಬರೆಯುವುದಿಲ್ಲ.

ಅಪ್ಪ ಎದುರಿಗೆ ಕೂತಿರುತ್ತಿದ್ದರು. ಮಾತು ಟ್ಯಾಂಕಿನ ಭಾಗಗಳದ್ದು ಮಾತ್ರ. ಅದರ ಎಂಜಿನ್ನಿನ ಹೆಸರು ಮೀಟಿಯೋರ್, ವಿಮಾನದ ಮರ್ಲಿನ್ ಎಂಜಿನ್ನಿನಿಂದ ಹುಟ್ಟಿದ್ದು, ಹನ್ನೆರಡು ಸಿಲಿಂಡರು, ಕುಡಿಯುವುದು ಪೆಟ್ರೋಲು, ಅದೂ ಬಕಾಸುರನಂತೆ. ಹಿಂಬದಿಯಲ್ಲಿ ಒಂದು ಟೆಲಿಫೋನ್ ಪೆಟ್ಟಿಗೆ, ಹೊರಗೆ ನಡೆಯುವ ಕಾಲಾಳು ಒಳಗಿನವರ ಜೊತೆ ಮಾತನಾಡಲು. ಇವೆಲ್ಲ ನಮಗೆ ಅವರೇ ಹೇಳಿದ್ದು. ಆಮೇಲೆ ಪುಸ್ತಕ ತೆಗೆದು ನೋಡಿದರೆ ಒಂದೂ ತಪ್ಪಿರುತ್ತಿರಲಿಲ್ಲ. ಬೆಳಿಗ್ಗೆ ಕುಡಿದ ಚಹಾ ಮರೆತವರಿಗೆ ಐವತ್ತು ವರ್ಷದ ಹಿಂದಿನ ಬೋಲ್ಟು ನೆನಪಿತ್ತು.

ಒಂದು ಭಾನುವಾರ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಅಹಮದ್‌ನಗರಕ್ಕೆ, ಈಗಿನ ಅಹಿಲ್ಯಾನಗರಕ್ಕೆ, ಹೋದೆವು. ಪುಣೆಯಿಂದ 120 ಕಿಲೋಮೀಟರು. 1994ರಲ್ಲಿ ಶುರುವಾದ ಟ್ಯಾಂಕುಗಳ ವಸ್ತುಸಂಗ್ರಹಾಲಯ ಅಲ್ಲಿದೆ. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧಕ್ಕೆಂದು ಸಿದ್ಧವಾದ ಸೆಂಚುರಿಯನ್ನಿನ ಮೊದಲ ಆರು ಗಾಡಿಗಳು 1945ರ ಮೇ ತಿಂಗಳಲ್ಲಿ ಜರ್ಮನಿ ತಲಪಿದಾಗ ಅಲ್ಲಿ ಯುದ್ಧವೇ ಮುಗಿದಿತ್ತು. ಆಮೇಲೆ ತಯಾರಾದವು 4,400ಕ್ಕೂ ಹೆಚ್ಚು. ನಮ್ಮ ದೇಶಕ್ಕೆ ಬಂದವು 1965ರ ಸೆಪ್ಟೆಂಬರಿನಲ್ಲಿ ಅಸಲ್ ಉತ್ತರದಲ್ಲಿ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿದವು. 1971ರ ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ 21 ವರ್ಷದ ಅರುಣ್ ಖೇತ್ರಪಾಲ್ ಫಾಮಗುಸ್ತಾ ಎಂಬ ಹೆಸರಿನ ಸೆಂಚುರಿಯನ್ನಿನಲ್ಲಿ ಕಡೆಯವರೆಗೆ ಹೋರಾಡಿ ಮಡಿದು, ಪರಮವೀರ ಚಕ್ರ ಪಡೆದರು. ಇದನ್ನೆಲ್ಲ ನಾವು ಅಪ್ಪನಿಗೆ ಓದಿ ಹೇಳಿದೆವು. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯದು. ಸೆಂಚುರಿಯನ್ನಿನ ಹಿಂದಕ್ಕೆ ಹೋಗಿ, ಎಳೆಯುವ ಕೊಂಡಿಯ ಎದುರು ಬಹಳ ಹೊತ್ತು ನಿಂತಿದ್ದರು.

ಉಳಿದದ್ದು ಆ ಎಳೆಯುವ ಹಗ್ಗ. ಹೂತ ಟ್ಯಾಂಕನ್ನು ಇನ್ನೊಂದಕ್ಕೆ ಕಟ್ಟಿ ಎಳೆಯುವ ಉಕ್ಕಿನ ಹಗ್ಗ ಅದು. ಪ್ಲಾಸ್ಟಿಕ್ಕಿನದು ಕಡ್ಡಿಯ ಹಾಗಿರುತ್ತದೆ, ದಾರ ಹಾಕಿದರೆ ನಾರು ಏಳುತ್ತದೆ. ತಾಮ್ರವೇ ಸರಿಯೆಂದು ಲೆಕ್ಕ ಹಾಕಿದೆವು. ವೈರಿನೊಳಗಿನ ಸಣ್ಣ ತಂತಿ 0.2 ಮಿಲಿಮೀಟರು. ನಡುವೆ ಒಂದಿಟ್ಟು ಸುತ್ತ ಆರು ಹೊಸೆದರೆ ಒಟ್ಟು 0.6 ಮಿಲಿಮೀಟರು, ನಿಜದಲ್ಲಿ 21 ಮಿಲಿಮೀಟರಿನ ಹಗ್ಗ. ಕಿಟಕಿಯ ಸರಳಿಗೆ ಒಂದು ತುದಿ ಕಟ್ಟಿ, ದೇವರ ಬತ್ತಿ ಹೊಸೆಯುವಂತೆ ನಿಧಾನವಾಗಿ ಹೊಸೆದೆವು. ತುದಿಗಳಿಗೆ ಕುಣಿಕೆ ಮಾಡಿ, ಕಪ್ಪು ಬಣ್ಣ ಕೊಟ್ಟು, ಅಪ್ಪನ ಕೈಗೆ ಕೊಟ್ಟೆವು.

ಅವರು ಹೆಬ್ಬೆರಳು ತೋರುಬೆರಳಿನ ನಡುವೆ ಜಾರಿಸಿ ನೋಡಿದರು. "ಇದು ಉಲ್ಟಾ ಐತಿ."

"ಏನು ಉಲ್ಟಾ ಅಪ್ಪಾ?"

"ಹುರಿ ಎಡಕ್ಕ ಹೋಗೇತಿ. ನಮ್ಮ ಹಗ್ಗ ಬಲಕ್ಕ ಇರ್ತಿತ್ತು."

ಭೂತಗನ್ನಡಿ ಹಿಡಿದು ನೋಡಿದೆವು. ಉಕ್ಕಿನ ಹಗ್ಗಗಳು ಸಾಮಾನ್ಯವಾಗಿ ಬಲ ತಿರುವಿನವು, ತಿರುಪು ಮೊಳೆಯ ಹಾಗೆ. ನಾವು ಹೊಸೆದದ್ದು ಎಡಕ್ಕೆ. ಅರ್ಧ ಮಿಲಿಮೀಟರಿನ ಹಗ್ಗದಲ್ಲಿ ಯಾರಿಗೆ ಕಾಣಬೇಕು ಎಂದು ನಮ್ಮಲ್ಲೊಬ್ಬರು ಗೊಣಗಿದೆವು. ಅಪ್ಪ ಜವಾಬು ಕೊಡಲಿಲ್ಲ, ಹಗ್ಗವನ್ನು ಮೇಜಿನ ಮೇಲಿಟ್ಟು ಸುಮ್ಮನಾದರು. ಮರುದಿನ ಹೊಸ ತಂತಿ ತೆಗೆದು ಬಲಕ್ಕೆ ಹೊಸೆದೆವು. ಅವರು ಮತ್ತೆ ಬೆರಳಿನಲ್ಲಿ ಜಾರಿಸಿದರು. ಈ ಸಲ ಬೆರಳು ನಡುವೆ ಎಲ್ಲೋ ನಿಂತಿತು, ಏನನ್ನೋ ಹುಡುಕಿತು.

"ಇಲ್ಲೊಂದು ತಂತಿ ಎದ್ದಿತ್ತು," ಎಂದರು.

ಈ ಹಗ್ಗದಲ್ಲಿ ಯಾವ ತಂತಿಯೂ ಎದ್ದಿರಲಿಲ್ಲ. ಅವರು ಹೇಳುತ್ತಿದ್ದುದು ಬೇರೆ ಹಗ್ಗದ ಮಾತು.

ಡಿಸೆಂಬರ್ 17ರ ಸಂಜೆ ಪಶ್ಚಿಮ ಗಡಿಯಲ್ಲಿ ಕದನ ನಿಂತಿತು. ಅದಾಗಿ ಎರಡು ದಿನಕ್ಕೆ, ಕೆಸರಿನಲ್ಲಿ ಹೂತಿದ್ದ ಟ್ಯಾಂಕುಗಳನ್ನು ಎಳೆಯುವ ಕೆಲಸ ಅಪ್ಪನ ತುಕಡಿಗೆ ಬಂತು. ಹಿಂದಿನ ಸಂಜೆ ಹಗ್ಗವನ್ನು ಒರೆಸಿ ಸುತ್ತಿಡುವಾಗ ಒಂದು ತಂತಿ ತುಂಡಾಗಿ ಎದ್ದು ನಿಂತಿದ್ದು ಅವರ ಬೆರಳಿಗೆ ಚುಚ್ಚಿತು. "ರಕ್ತ ಒರಸ್ಕೊಂಡೆ. ನಾಳೆ ನೋಡೋಣಂತ ಸುಮ್ನಾದೆ," ಎಂದರು. ಬೆಳಿಗ್ಗೆ ಎಳೆಯುವಾಗ ಹಗ್ಗ ಹರಿಯಿತು. ಬಿಗಿದ ಉಕ್ಕಿನ ಹಗ್ಗ ಹರಿದರೆ ಚಾವಟಿಯ ಹಾಗೆ ತಿರುಗುತ್ತದೆ. ಹಗ್ಗದ ಉದ್ದಕ್ಕಿಂತ ಹತ್ತಿರ ಯಾರೂ ನಿಲ್ಲಬಾರದೆಂಬುದು ಆ ಕೆಲಸದ ಮೊದಲ ಪಾಠ. ಹೊಸದಾಗಿ ಬಂದ ಒಬ್ಬ ಹುಡುಗ ಹತ್ತಿರ ನಿಂತಿದ್ದ. ಮದುವೆಯಾಗಿ ಆರು ತಿಂಗಳಾಗಿತ್ತಂತೆ. ಆಸ್ಪತ್ರೆಗೆ ಸಾಗಿಸಿದರು, ಬದುಕಲಿಲ್ಲ.

"ದೂರ ನಿಲ್ಲು ಅಂತ ಹೇಳಿದ್ದೆ," ಎಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಹೇಳಿದ್ನೋ ಇಲ್ಲೋ," ಎಂದರು.

ನಾವು ಇಬ್ಬರೂ ಏನೂ ಹೇಳಲಾರದೆ ಕೂತೆವು. ಒಲೆಯ ಮೇಲೆ ಹಾಲು ಉಕ್ಕಿದ್ದು ತಿಳಿಯಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಈ ಮನೆಯಲ್ಲಿ ಮದುವೆ ಮುಂಜಿಗಳಾಗಿವೆ, ಗಣಪತಿ ಕೂತಿದ್ದಾನೆ, ಮಕ್ಕಳು ಹುಟ್ಟಿದ್ದಾರೆ. ಅಷ್ಟು ದಿನವೂ ಆ ಹುಡುಗ ಇಲ್ಲಿ ಇದ್ದ. ನಮಗೆ ಕಂಡಿರಲಿಲ್ಲ.

ಒಂದು ತಂತಿ ತುಂಡಾದ ಮಾತ್ರಕ್ಕೆ ಅಂಥ ಹಗ್ಗ ಹರಿಯುವುದಿಲ್ಲ, ಅದರಲ್ಲಿ ನೂರಾರು ತಂತಿಗಳಿರುತ್ತವೆ ಎಂದು ನಾವು ಆಮೇಲೆ ಅವರಿಗೆ ತಿಳಿಸಿ ಹೇಳಿದೆವು. ಬೆಳಿಗ್ಗೆ ಹರಿದದ್ದು ಸಂಜೆ ಚುಚ್ಚಿದ ಹಗ್ಗವೇ, ಬೇರೆಯದೇ ಎಂದೂ ಕೇಳಿದೆವು. ಅದು ಅವರಿಗೆ ಖಚಿತವಿಲ್ಲ. ಆದರೆ ನಮ್ಮ ಸಮಾಧಾನ ಅವರಿಗೆ ಬೇಕಿರಲಿಲ್ಲ. ಮರುದಿನ ಸಂಜೆ ಹೊತ್ತಿಗೆ, ನಮಗೆ ಇದನ್ನು ಹೇಳಿದ್ದೇ ಅವರಿಗೆ ಮರೆತುಹೋಗಿತ್ತು. ಹಗ್ಗ ಕೈಗೆ ಕೊಟ್ಟರೆ ಬೆರಳು ಮತ್ತೆ ಅಲ್ಲಿಯೇ ನಿಂತಿತು. "ಇಲ್ಲೊಂದು ತಂತಿ ಎದ್ದಿತ್ತು."

ಮೂರು ಸಂಜೆ ಹೀಗಾಯಿತು. ನಾಲ್ಕನೆಯ ದಿನ, ಆ ತಂತಿಯನ್ನು ಮಾಡಿಯೇ ಬಿಡೋಣ ಎಂದುಕೊಂಡೆವು. ಹಳೆಯ ಗಾಯವನ್ನು ಕೆದಕಿದಂತಾಗುವುದೇ ಎಂಬ ಭಯ ಇದ್ದೇ ಇತ್ತು, ರಾತ್ರಿ ಬಹಳ ಹೊತ್ತು ಮಾತಾಡಿಕೊಂಡೆವು. ಆದರೆ ಗಾಯ ಮುಚ್ಚಿದ್ದರಲ್ಲವೇ ಕೆದಕುವ ಮಾತು? ಅವರು ಹುಡುಕುತ್ತಿದ್ದರು, ನಮ್ಮ ಹಗ್ಗದಲ್ಲಿ ಅದು ಇರಲಿಲ್ಲ. ಹಿಡಿಕೆಯೊಳಗೆ ಕೈ ಹೋಗುವಂತೆ ಮಾಡಿಕೊಟ್ಟವರು ನಾವೇ. ಇದೊಂದನ್ನು ಬಿಟ್ಟರೆ ಹೇಗೆ?

ತಾಮ್ರದ ತಂತಿ ಇದಕ್ಕೆ ದಪ್ಪವಾಯಿತು. ಪ್ಲಾಸ್ಟಿಕ್ಕಿನ ಎಳೆ ಮುಟ್ಟಿದರೆ ಮುರಿಯಿತು. ಕೊನೆಗೆ ಒಂದು ಬಿಳಿ ಕೂದಲು ಸರಿಹೋಯಿತು. ಯಾರ ತಲೆಯದೆಂದು ಹೇಳಬೇಕಾಗಿಲ್ಲ, ಇಬ್ಬರ ತಲೆಯಲ್ಲೂ ಸಾಕಷ್ಟಿವೆ. ಅದರ ಒಂದು ತುಂಡನ್ನು ಹುರಿಯ ಸಂದಿನಲ್ಲಿ ಸಿಕ್ಕಿಸಿ, ಅಂಟಿನ ಹನಿ ತಾಗಿಸಿ, ಒಂದು ಮಿಲಿಮೀಟರು ಹೊರಗೆ ಬಿಟ್ಟು ಕತ್ತರಿಸಿ, ಕಪ್ಪು ಹಚ್ಚಿದೆವು. ಲೆಕ್ಕದ ಪ್ರಕಾರ ಅದೂ ತುಸು ದಪ್ಪವೇ. ಅದಕ್ಕಿಂತ ಸಣ್ಣದು ನಮ್ಮ ಕೈಯಲ್ಲಾಗದು.

ಅಪ್ಪ ಹಗ್ಗವನ್ನು ಬೆರಳಿನ ನಡುವೆ ಜಾರಿಸಿದರು. ಬೆರಳು ಅಲ್ಲಿ ತಡೆಯಿತು. "ಹೂಂ," ಎಂದರು. ಹಗ್ಗವನ್ನು ನಮ್ಮ ಕೈಗೆ ಕೊಟ್ಟು, "ಕಟ್ರಿ," ಎಂದರು. ಟ್ಯಾಂಕಿನ ಬದಿಗೆ ಸುತ್ತಿ ಕಟ್ಟಿದೆವು. ಆಮೇಲೆ ಅವರು ಹಗ್ಗವನ್ನು ಕೇಳಲಿಲ್ಲ. ಅವರಿಗೆ ಸಮಾಧಾನವಾಯಿತೇ ಎಂದರೆ ನಮಗೆ ಗೊತ್ತಿಲ್ಲ. ಹುಡುಕುವುದು ನಿಂತಿತು, ಅಷ್ಟು ನಿಜ. ಒಂದು ಸಂಜೆ ತಾವಾಗಿಯೇ ಆ ಹುಡುಗನ ಊರಿನ ಹೆಸರು ಹೇಳಿದರು. ಅವನು ಹಾಡುತ್ತಿದ್ದ, ಚಪಾತಿ ಸುಡಲು ಬರುತ್ತಿರಲಿಲ್ಲ ಎಂದರು. ನಾವು ಬರೆದಿಟ್ಟುಕೊಂಡಿದ್ದೇವೆ.

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದಲ್ಲಿ ಸದಸ್ಯರ ಕೈಕೆಲಸದ ಪ್ರದರ್ಶನವಿತ್ತು. ರಂಗೋಲಿ, ಕೌದಿ, ಕುಸುರಿ ಎಳ್ಳಿನ ಒಡವೆಗಳ ಪಕ್ಕದಲ್ಲಿ ನಮ್ಮ ಟ್ಯಾಂಕಿಗೂ ಒಂದು ಮೂಲೆ ಸಿಕ್ಕಿತು. ಮಕ್ಕಳೆಲ್ಲ ಮುತ್ತಿಕೊಂಡರು. ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ, ಅದಕ್ಕೇನು ಎಂದು ಕೇಳಿದರು. ಹುರಿ, ಕುಣಿಕೆ, ಕೊಂಡಿ, ಬೆಸುಗೆ, ಎರಕ ಎಂದು ಹೇಳುತ್ತ ಹೋದೆವು. ಅಪ್ಪ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದರು.

ಹಿರಿಯ ಸದಸ್ಯರೊಬ್ಬರು ಬಹಳ ಹೊತ್ತು ಬಗ್ಗಿ ನೋಡಿದರು. ಮೆಚ್ಚಿಕೊಂಡರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಎಲ್ಲ ಚೆನ್ನಾಗಿದೆ, ಇಲ್ಲಿ ಹಗ್ಗದ ಒಂದು ಎಳೆ ಎದ್ದಿದೆ ನೋಡಿ, ಒತ್ತಿಬಿಡಿ" ಎಂದು ತಾವೇ ಕೈ ಮುಂದೆ ಚಾಚಿದರು. ನಾವು ಏನಾದರೂ ಹೇಳುವ ಮೊದಲೇ ಅಪ್ಪ ಅವರ ಕೈ ಹಿಡಿದರು.

"ಇರಲಿ ಬಿಡ್ರಿ," ಎಂದರು. "ಅದು ಹಂಗ ಇತ್ತು."